ದಿನಕ್ಕೆ ಸಾವಿರ ಬೀಸು

"ಅಜ್ಜೀ, ನಿಮ್ಮ ವಯಸ್ಸು ಎಂಬತ್ತಮೂರು ಅಂತ ಬರ್ಕೊಂಡಿದ್ದೀನಿ. ನಿಮ್ಮ ರಕ್ತ ಮಾತ್ರ ಅದನ್ನ ಒಪ್ತಾನೇ ಇಲ್ಲ!" ಎಂದು ಹನೋಯ್‌ನಿಂದ ಬಂದಿದ್ದ ಡಾಕ್ಟರಮ್ಮ ನಕ್ಕಳು. ಜೀವನವಿಡೀ ವ್ಯಾಯಾಮ ಮಾಡಿದವರ ಮುಪ್ಪು ಹೇಗಿರುತ್ತದೆಂದು ತಿಳಿಯಲು ಅವಳು ನಾಮ್ ದಿನ್ ಊರಿನ ಮುದುಕ ಮುದುಕಿಯರ ರಕ್ತ ತೆಗೆದುಕೊಂಡು, ಎರಡು ವಾರದ ಮಟ್ಟಿಗೆ ಅವರ ಮುಂಗೈಗೆ ನಿದ್ದೆ ಎಚ್ಚರ ಅಳೆಯುವ ಪಟ್ಟಿಯೊಂದನ್ನು ಕಟ್ಟಿ ಹೋಗಿದ್ದಳು. ಇವತ್ತು ಫಲಿತಾಂಶ ಹೇಳಲು ಲುಯೆನ್ ಅಜ್ಜಿಯ ಮನೆಗೇ ಬಂದಿದ್ದಳು. "ರೋಗದ ಜೊತೆ ಹೊಡೆದಾಡೋ ಕಣಗಳಿವೆಯಲ್ಲ, ಅವು ನಲವತ್ತರ ಹೆಂಗಸಿನ ಹಾಗಿವೆ. ಮೈಯೊಳಗಿನ ಗಡಿಯಾರವಂತೂ ಐದು ನಿಮಿಷಾನೂ ಹಿಂದೆ ಮುಂದೆ ಆಗಿಲ್ಲ. ಒಂಬತ್ತಕ್ಕೆ ನಿದ್ದೆ, ನಾಲ್ಕೂವರೆಗೆ ಎಚ್ಚರ. ನೂರು ದಾಟ್ತೀರಿ ಬಿಡಿ!"

ಲುಯೆನ್ ನಗಲಿಲ್ಲ. ಪರದೆಯ ಆಚೆ ಮಗ ಖಾಯ್ ಕೆಮ್ಮುತ್ತಿದ್ದ. ಅವನಿಗೆ ಐವತ್ತೆಂಟು. ನೂಲಿನ ಗಿರಣಿಯಲ್ಲಿ ಮೂವತ್ತು ವರ್ಷ ರಾತ್ರಿ ಪಾಳಿ ಮಾಡಿ, ರಾತ್ರಿ ಮಲಗುವಂತಿಲ್ಲದೆ, ಹಗಲು ಮಲಗಿದರೆ ನಿದ್ದೆ ಬಾರದೆ ಸವೆದುಹೋದವನು. ಆಸ್ಪತ್ರೆಯವರು ಕೈಚೆಲ್ಲಿ, ಮನೆಗೆ ಕರೆದುಕೊಂಡು ಹೋಗಿ ಅಂದು ತಿಂಗಳಾಗಿತ್ತು.

"ನಂದು ತೆಗೆದು ಅವನಿಗೆ ಕೊಡೋಕೆ ಬರುತ್ತಾ ತಾಯಿ?"

"ಏನನ್ನ ಅಜ್ಜಿ?"

"ಅದೇ, ನಲವತ್ತರದ್ದು ಅಂದೆಯಲ್ಲ."

ಡಾಕ್ಟರಮ್ಮ ಪರದೆಯ ಕಡೆ ನೋಡಿದಳು. ಕಾಗದಗಳನ್ನು ಚೀಲಕ್ಕೆ ಸೇರಿಸುತ್ತ, "ಹಾಗೆಲ್ಲ ಆಗಲ್ಲ ಅಜ್ಜಿ" ಎಂದವಳು ಚಹಾ ಕೂಡ ಪೂರ್ತಿ ಕುಡಿಯದೆ ಎದ್ದಳು.

ಅವಳು ಅತ್ತ ಹೋದದ್ದೇ ತಡ, ಸೊಸೆ ಥಾಮ್ ಲೋಟ ತೊಳೆಯುತ್ತ ಗೋಡೆಗೆ ಹೇಳುವವಳಂತೆ ಹೇಳಿದಳು: "ಹಿರಿಯರು ಅಳತೆ ಮೀರಿ ಬದುಕಿದ್ರೆ ಮಕ್ಕಳ ಆಯಸ್ಸಿನ ಪಾಲನ್ನೇ ಉಣ್ತಾರಂತೆ. ನಮ್ಮಜ್ಜಿ ಹೇಳ್ತಿದ್ರು." ಆಡಿದ ಮೇಲೆ ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡಳು. ಲುಯೆನ್‌ಗೆ ಸಿಟ್ಟು ಬರಲಿಲ್ಲ. ಆ ಮಾತು ಆ ಸೀಮೆಗೇನೂ ಹೊಸದಲ್ಲ. ಬೇರೆ ಮನೆಯ ಮುದುಕಿಯರ ಬಗ್ಗೆ ತಾನೇ ಎಷ್ಟೋ ಸಲ ಆಡಿ ನಕ್ಕಿದ್ದಳು. ಈಗ ಅದು ದಾರಿ ವಿಚಾರಿಸಿಕೊಂಡು ಅವಳ ಬಾಗಿಲಿಗೇ ಬಂದಿತ್ತು.

ಐವತ್ತೈದು ವರ್ಷ ಅವಳು ಒಂದು ಬೆಳಗನ್ನೂ ತಪ್ಪಿಸಿರಲಿಲ್ಲ. ಊರಿಗೆಲ್ಲ ಕಸರತ್ತು ಮಾಡಿಸುವ ಬೀದಿಯ ಧ್ವನಿವರ್ಧಕ ಐದಕ್ಕೆ ಗಂಟಲು ಸರಿಮಾಡಿಕೊಂಡು ಒಂದು, ಎರಡು, ಮೂರು, ನಾಲ್ಕು ಅನ್ನುವಷ್ಟರಲ್ಲಿ ಅವಳದು ಕೆರೆಗೊಂದು ಸುತ್ತು ಮುಗಿದಿರುತ್ತಿತ್ತು. ಈ ಮುದುಕಿ ಯಮನನ್ನೂ ಓಟದಲ್ಲಿ ಸೋಲಿಸ್ತಾಳೆ ಎಂದು ನೆರೆಯವರು ಚೇಷ್ಟೆ ಮಾಡುತ್ತಿದ್ದರು. ಮಗ ಹಾಸಿಗೆ ಹಿಡಿದ ಮೇಲೆ ಕೆರೆ ಬಿಟ್ಟು, ಅವನ ಮಂಚದ ಪಕ್ಕದ ಕಿಟಕಿಯ ಹತ್ತಿರವೇ ನಿಂತು ಕೈ ಬೀಸುತ್ತಿದ್ದಳು. ಮುಂದಕ್ಕೆ ಹಗುರ, ಹಿಂದಕ್ಕೆ ಬಲ, ದಿನಕ್ಕೆ ಸಾವಿರ.

ಮಾರನೆಯ ದಿನದಿಂದ ಅದನ್ನೂ ಬಿಟ್ಟಳು. ಹಿರಿಯರ ಪಟಗಳ ಮುಂದೆ ಊದಿನಕಡ್ಡಿ ಹಚ್ಚಿ, ನನ್ನ ಪಾಲಿನದು ಅವನಿಗೆ ಹೋಗಲಿ ಎಂದು ಬೇಡಿಕೊಂಡಳು. ಅರ್ಧ ಬಟ್ಟಲು ಗಂಜಿಯ ಮೇಲೆ ತುತ್ತು ಮುಟ್ಟಲಿಲ್ಲ. ಆದರೆ ಹಾಳು ಮೈ, ನಾಲ್ಕೂವರೆಗೆ ಸರಿಯಾಗಿ ಕಣ್ಣು ಬಿಡುತ್ತಿತ್ತು. ಭುಜಗಳು ಮಿಡುಕುತ್ತಿದ್ದವು. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು, ಬೆಳಕು ಹರಿಯುವವರೆಗೆ ಮಗನ ಉಸಿರು ಆಲಿಸುತ್ತ ಮಲಗಿರುತ್ತಿದ್ದಳು. ಹತ್ತು ದಿನ ಹೀಗೆ ಕಳೆಯಿತು. ಉಸಿರು ದಿನದಿನಕ್ಕೆ ಸಣ್ಣದಾಯಿತೇ ಹೊರತು ಸುಧಾರಿಸಲಿಲ್ಲ.

ಹನ್ನೊಂದನೆಯ ಬೆಳಗ್ಗೆ ಖಾಯ್ ತಾನೇ ಕೂಗಿದ. "ಅಮ್ಮಾ, ಕೈ ಬೀಸೋದು ಯಾಕೆ ಬಿಟ್ಟೆ?"

"ಸುಸ್ತು ಕಣೋ. ವಯಸ್ಸಾಯ್ತಲ್ಲ."

"ನಿಂಗೆ ಸುಸ್ತಾ? ಯಾರ ಹತ್ರ ಹೇಳ್ತೀಯ!" ನಗಲು ಹೋಗಿ ಕೆಮ್ಮಿದ. ಕೆಮ್ಮು ಇಳಿಯಲು ಬಹಳ ಹೊತ್ತು ಹಿಡಿಯಿತು. "ನಂಗೆ ರಾತ್ರಿ ಯಾವ್ದು, ಹಗಲು ಯಾವ್ದು ಅಂತ ಗೊತ್ತಾಗಲ್ಲಮ್ಮ. ಅದನ್ನ ಗಿರಣಿ ಯಾವತ್ತೋ ನುಂಗ್ಬಿಡ್ತು. ನಿನ್ನ ತೋಳಿನ ಸದ್ದು ಕೇಳಿದ್ರೆ, ಸದ್ಯ, ಇವತ್ತಿನ ರಾತ್ರೀನೂ ಕಳೀತು ಅನ್ಕೊತಿದ್ದೆ. ನೀನು ಬಿಟ್ಟಾಗಿಂದ ನಂಗೆ ಬೆಳಗೇ ಆಗಿಲ್ಲ."

ಲುಯೆನ್‌ಗೆ ಆಗ ಹೊಳೆಯಿತು. ಮಗನಿಗೆ ಕೊಡುತ್ತಿದ್ದೇನೆ ಅಂದುಕೊಂಡು, ಅವನ ಹತ್ತಿರ ಉಳಿದಿದ್ದ ಒಂದೇ ಒಂದನ್ನೂ ಕಸಿದುಕೊಂಡಿದ್ದಳು. ಎದ್ದು ಕಿಟಕಿಗೆ ಮುಖ ಮಾಡಿ ನಿಂತಳು. ಅವನ ಮುಖ ನೋಡುವ ಧೈರ್ಯ ಇರಲಿಲ್ಲ.

"ನೀನು ಎಣಿಸ್ತೀಯಾ?"

"ಎಣಿಸ್ತೀನಿ. ಕಳ್ಳಾಟ ಬೇಡ. ಸಾವಿರ ಅಂದ್ರೆ ಸಾವಿರ."

ಕೈಗಳು ಹೊರಟವು. ಹತ್ತು ದಿನದ ಅರೆಹೊಟ್ಟೆಗೂ ಜಗ್ಗದ ಕೈಗಳು. ಅವನು ಪಿಸುದನಿಯಲ್ಲಿ ಎಣಿಸಿದ. ನೂರಾಯಿತು, ಇನ್ನೂರಾಯಿತು. ಹೊರಗೆ ಧ್ವನಿವರ್ಧಕ ಗೊರಗುಟ್ಟಿ ಎಚ್ಚರವಾಯಿತು. ಮುನ್ನೂರ ನಲವತ್ತರ ಮೇಲೆ ಅವನ ದನಿ ಕೇಳಿಸಲಿಲ್ಲ. ನಿದ್ದೆ ಬಂದಿರಲಿ ದೇವರೇ, ಬರೀ ನಿದ್ದೆಯಾಗಿರಲಿ ಎಂದು ಅವಳು ತಿರುಗಿ ನೋಡದೆ ಬೀಸುತ್ತಲೇ ಇದ್ದಳು.

ಥಾಮ್ ಬಿಸಿನೀರು ತಂದವಳು ಗಂಡನ ಮೇಲೆ ಬಾಗಿದಳು. ಬೋಗುಣಿ ಕೈಜಾರಿ ನೆಲಕ್ಕೆ ಬಿತ್ತು. ಅತ್ತು ಅತ್ತು, ಕೊನೆಗೆ ಮುದುಕಿಯ ಬೆನ್ನನ್ನು ತಬ್ಬಿ ಹಿಡಿದು, "ಸಾಕು ಅತ್ತೆ, ನಿಲ್ಸಿ. ಅವರು ಹೊರಟೋದ್ರು" ಎಂದಳು.

"ಮುನ್ನೂರ ನಲವತ್ತೊಂದು" ಎಂದಳು ಲುಯೆನ್, ಮಗ ನಿಲ್ಲಿಸಿದಲ್ಲಿಂದ ಎಣಿಕೆ ಎತ್ತಿಕೊಂಡು. ಡಾಕ್ಟರಮ್ಮ ಹೇಳಿದ್ದು ಸುಳ್ಳಲ್ಲ. ಸಾವಿರ ಮುಗಿದರೂ ಆ ಕೈಗಳಿಗೆ ದಣಿವಾಗಲಿಲ್ಲ.