ಅವ್ವ ಹೇಳಿದ ‘ಜಿಗುಟು’

ಅಂಚೆ ಕಚೇರಿಯ ಗೋಂದಿನ ವಾಸನೆ ಬಡಿದರೆ ಈಗಲೂ ಜಗಳೂರು ಕಡೆಯ ನಮ್ಮೂರ ಶಾಲೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನಾನು ಆಗ ಐದನೇ ತರಗತಿಯಲ್ಲಿದ್ದೆ. ಹರಿದ ನಕ್ಷೆ ಅಂಟಿಸಲು ಬೇಕೆಂದು ಮೇಷ್ಟ್ರು ಹೇಳಿಕಳಿಸಿದ್ದರಿಂದ ಅವ್ವ ಜಾಲಿಮರದ ಹಸಿ ಗೋಂದನ್ನು ಮುತ್ತುಗದ ಎಲೆಯಲ್ಲಿ ತಂದು ಬಾಗಿಲಲ್ಲಿ ನಿಂತಿದ್ದಳು. ಒಳಗೆ, ತಪಾಸಣೆಗೆ ಬಂದಿದ್ದ ಇನ್ಸ್‌ಪೆಕ್ಟರು ನನ್ನನ್ನು ಎಬ್ಬಿಸಿ, ಜಿಗುಟು ಎಂದರೇನು ಎಂದು ಕೇಳಿದರು.

“ಅಂಟು, ಸಾರ್.”

“ಒಂದೇ ಅರ್ಥಕ್ಕೆ ಎರಡು ಪದ ಯಾಕಮ್ಮ?”

ನಾನು ಮೇಷ್ಟ್ರ ಕಡೆ ನೋಡಿದೆ. ಅವರ ಮುಖ ಸಪ್ಪಗಾಯಿತು. ಬಾಗಿಲಲ್ಲಿ ಅವ್ವ ನಕ್ಕದ್ದು ಇನ್ಸ್‌ಪೆಕ್ಟರಿಗೆ ಕಾಣಿಸಿತು. “ನೀವೇ ಹೇಳ್ರಿ ತಾಯಿ” ಎಂದರು.

ಅವ್ವ ಅಳುಕಲಿಲ್ಲ. ಗೋಂದನ್ನು ಎರಡು ಬೆರಳಲ್ಲಿ ಹಿಡಿದು ಎಳೆದಳು. “ಹಿಂಗೆ ಎಳೆ ಎಳೆಯಾಗಿ ಬಂದು ಕೈ ಬಿಡಂಗಿಲ್ಲ ನೋಡ್ರಿ, ಇದು ಜಿಗುಟು. ನಾಳೆ ಕಾಗದದ ಮ್ಯಾಲೆ ಒಣಗಿದ್ರೆ ಜಿಗುಟು ಹೋಗ್ತೈತೆ, ಅಂಟು ಉಳೀತೈತೆ.”

ಇನ್ಸ್‌ಪೆಕ್ಟರು ಮೇಷ್ಟ್ರಿಗೆ, “ಇದನ್ನೇ ಬೋರ್ಡಿನ ಮೇಲೆ ಬರೀರಿ” ಎಂದರು. ಮೇಷ್ಟ್ರು ಬರೆದರು, ನಾವೆಲ್ಲ ನೋಡಿ ಬರೆದುಕೊಂಡೆವು.

ಶಾಲೆ ಬಿಟ್ಟ ಮೇಲೆ, ಓದುಬರಹ ಕಲಿಯದ ಅವ್ವ ಬೋರ್ಡಿನ ಮುಂದೆ ನಿಂತು, “ಇದ್ರಾಗೆ ಜಿಗುಟು ಎಲ್ಲೈತೆ?” ಎಂದಳು. ನಾನು ತೋರಿಸಿದೆ. ಅಳಿಸಿಹೋದೀತೆಂದು ಅವಳು ಬೆರಳನ್ನು ದೂರವೇ ಹಿಡಿದು ಒಂದೊಂದೇ ಅಕ್ಷರ ನೋಡಿದಳು.

“ನಾಳೆ ಇದನ್ನ ಒರೆಸಿಬಿಡ್ತಾರೇನೇ?”

“ಒರೆಸ್ಲಿ ಬಿಡವ್ವ,” ಎಂದೆ. “ಎಲ್ಲರೂ ಬರ್ಕಂಡೀವಿ.”