ಕಂಬದ ಮುಂದೆ ಒಂದು ಫೋಟೋ

ಕಬ್ಬಿಣದ ಕಂಬಕ್ಕೆ ನಲವತ್ತು ಸಾವಿರ, ಹಲಗೆ ಮತ್ತು ರಿಂಗಿಗೆ ಹದಿನೈದು, ನಾಲ್ಕಡಿ ಕಾಂಕ್ರೀಟ್ ತಳಪಾಯಕ್ಕೆ ಮೂವತ್ತು. ಶಾಲೆಯ ಬ್ಯಾಸ್ಕೆಟ್‌ಬಾಲ್ ಕಂಬಕ್ಕೆಂದು ಸರ್ಕಾರ ಇಷ್ಟು ಕೊಟ್ಟಿತ್ತು. ತಳಪಾಯ ಒಂದೇ ಅಡಿ ಇದೆಯೆಂಬುದು ಕಂಬ ನಿಲ್ಲಿಸಿದ ಗುತ್ತಿಗೆದಾರನಿಗೂ, ಉಳಿದದ್ದರಲ್ಲಿ ಪಾಲು ಪಡೆದ ಹೆಡ್‌ಮಾಸ್ಟರಿಗೂ ಮಾತ್ರ ಗೊತ್ತಿತ್ತು.

ತಪಾಸಣೆಗೆ ಬಂದ ಅಧಿಕಾರಿ ಕಂಬವನ್ನು ಮುಟ್ಟಿಯೂ ನೋಡದೆ ಮೊಬೈಲು ತೆಗೆದರು.

“ಒಂದು ಫೋಟೋ ಹಾಕಿದ್ರೆ ನನ್ನ ಕೆಲಸ ಮುಗೀತು. ಇಬ್ಬರು ಮಕ್ಕಳು ರಿಂಗು ಹಿಡಿದು ನೇತಾಡ್ಲಿ, ಚೆನ್ನಾಗಿ ಬರುತ್ತೆ.”

“ಅದಕ್ಕೇನಂತೆ ಸಾರ್!” ಗುತ್ತಿಗೆದಾರ ಮೇಜು ಎಳೆದು ತಂದ. “ಬನ್ರೋ ಮಕ್ಳಾ, ಫೋಟೋ!”

ಮಕ್ಕಳು ನೂಕಾಡುತ್ತ ಓಡಿಬಂದರು.

“ಗಾಳಿ ಜಾಸ್ತಿ ಇದೆ ಸಾರ್. ಪಕ್ಕದಲ್ಲಿ ನಿಲ್ಲಿಸೋಣ,” ಎಂದರು ಹೆಡ್‌ಮಾಸ್ಟರು.

“ನಾಲ್ಕಡಿ ಕಾಂಕ್ರೀಟು ಹಾಕ್ಸಿ ಗಾಳಿಗೆ ಹೆದರ್ತೀರಾ ಮೇಷ್ಟ್ರೇ?” ಎಂದರು ಅಧಿಕಾರಿ.

ಗುತ್ತಿಗೆದಾರ ಅವರ ಕೈ ಅದುಮಿ ಪಿಸುಗುಟ್ಟಿದ: “ಒಂದ್ನಿಮಿಷ ಸುಮ್ನಿರಿ, ಏನೂ ಆಗಲ್ಲ.”

ಮೊದಲ ಹುಡುಗಿ ಮೇಜು ಹತ್ತಿ ರಿಂಗಿಗೆ ಕೈ ಚಾಚಿದಳು.

“ಬೇಡ ಸಾರ್!” ಹೆಡ್‌ಮಾಸ್ಟರು ಓಡಿಹೋಗಿ ಅವಳ ತೋಳು ಹಿಡಿದರು. “ಒಂದೇ ಅಡಿ ಇರೋದು. ನನ್ನ ಕೆಲಸ ಹೋದ್ರೆ ಹೋಗ್ಲಿ.”

ಅವಳ ಇನ್ನೊಂದು ತೋಳನ್ನು ಅಧಿಕಾರಿ ಆಗಲೇ ಬಿಗಿಯಾಗಿ ಹಿಡಿದುಕೊಂಡಿದ್ದರು.

“ಕೆಲಸ ಹೋಗುತ್ತೆ ಮೇಷ್ಟ್ರೇ,” ಎಂದರು ಮೆಲ್ಲಗೆ. “ಹೋದ ವರ್ಷ ಬೇರೆ ಜಿಲ್ಲೇಲಿ ನಾನು ಹೀಗೇ ಫೋಟೋ ಕೇಳ್ದಾಗ ಯಾರೂ ಬೇಡ ಅನ್ನಲಿಲ್ಲ. ಕಂಬ ಉರುಳಿ ಇದೇ ವಯಸ್ಸಿನ ಹುಡುಗಿ ತೀರ್ಕೊಂಡ್ಲು.”