ಬಾಳವ್ವನ ಬಲಗೈಗೊಂದು ಬದಲಾವಣೆ

ಕೃತಕ ಕೈಯ ತಂತ್ರಾಂಶ ಬದಲಿಸಬೇಕಾದರೆ ಅದನ್ನು ತೊಟ್ಟವರು ಬದಲಾವಣೆಯ ಟಿಪ್ಪಣಿ ಓದಿ, ಒಪ್ಪಿ, ಹೆಬ್ಬೆಟ್ಟು ಒತ್ತಲೇಬೇಕು. ಗದಗಿನ ಖಾನಾವಳಿಯ ಬಾಳವ್ವ, ತಂತ್ರಾಂಶ ಬರೆಯುವ ರುಬೀನಾಳ ಎರಡು ಟಿಪ್ಪಣಿಗಳನ್ನು ತಿರಸ್ಕರಿಸಿದ್ದಳು. ಮೂರನೆಯದೂ ಬಿದ್ದರೆ ಮೂರು ತಿಂಗಳ ಕೆಲಸ ಕಸದ ಬುಟ್ಟಿಗೆ. ಅದಕ್ಕೇ ರುಬೀನಾ ಒಲೆಯ ಮುಂದೆಯೇ ಬಂದು ಕುಳಿತಿದ್ದಳು.

“ಬರೇ ‘ಸಣ್ಣ ಸುಧಾರಣೆ’ ಅಂತ ಬರದೀಯಲ್ಲವಾ! ಹಿಂದೊಮ್ಮೆ ಒಪ್ಪಿದ್ ಸಣ್ಣ ಸುಧಾರಣೆಗೆ ನನ್ ಕೈ ಹಿಟ್ಟು ನಾದೋದನ್ನ ಮರ್ತಿತ್ತು,” ಎನ್ನುತ್ತಾ ಬಾಳವ್ವ ಹೆಂಚಿನ ರೊಟ್ಟಿ ತಿರುವಲು ಹೋದಳು. ಬಿಸಿ ತಾಗಿದ್ದೇ ತಡ, ಬಲಗೈ ಬೆಚ್ಚಿ ಹಿಂದೆ ಹಾರಿತು. ರೊಟ್ಟಿ ಬೂದಿಗೆ ಬಿತ್ತು.

“ಇದನ್ನ ಬರೀತೀನ್ರಿ ಅಕ್ಕಾರ!” ರುಬೀನಾ ಕುಳಿತಲ್ಲೇ ಪುಟಿದು, ಬರೆದು ತೋರಿಸಿದಳು:

‘ಈಗ ಹೆಂಚಿನ ಬಿಸಿಗೆ ಕೈ ಹಿಂದೆ ಸರಿಯುತ್ತದೆ. ಇನ್ನು ಮೇಲೆ ರೊಟ್ಟಿ ತಿರುವುವಷ್ಟು ಹೊತ್ತು ತಡೆದುಕೊಳ್ಳುತ್ತದೆ. ನಾದುವುದನ್ನೂ ಬಡಿಯುವುದನ್ನೂ ಮುಟ್ಟಿಲ್ಲ. ಸರಿಬರದಿದ್ದರೆ ಮೊಣಕೈಯ ಗುಂಡಿ ಒತ್ತಿ, ಮೊದಲಿನಂತಾಗುತ್ತದೆ. ಹನ್ನೆರಡು ರೊಟ್ಟಿ ತಿರುವಿ ಪರೀಕ್ಷಿಸಿದ್ದೇವೆ.’

ಬಾಳವ್ವ ನಿಧಾನವಾಗಿ ಓದಿದಳು. “ಯಾರ್ ಬಡಿದ ರೊಟ್ಟಿ?”

“ನಾ ಬಡಿದದ್ದರಿ.”

“ತಿನ್ನಾಕ್ ಬಂದ್ವೇನು?”

“ನಾಯಿನೂ ಮೂಸ್ಲಿಲ್ರಿ. ಭಾಳ ದಪ್ಪ ಆಗಿದ್ವು.”

“ದಪ್ಪ ರೊಟ್ಟಿಗೆ ಕೈ ಸುಡೂದಿಲ್ಲವಾ. ತೆಳ್ಳಾಂದು ನೋಡಿಲ್ಲ ಅಂತನೂ ಬರಿ.”

ಬರೆದರೆ ತಿರಸ್ಕರಿಸಲು ತಾನೇ ಕಾರಣ ಕೊಟ್ಟಂತೆ. ಆದರೂ ರುಬೀನಾ ಬರೆದಳು: ‘ತೆಳು ರೊಟ್ಟಿಯಲ್ಲಿ ಪರೀಕ್ಷಿಸಿಲ್ಲ. ಏನಾಗುವುದೋ ಗೊತ್ತಿಲ್ಲ.’

ಬಾಳವ್ವ ಎಡಗೈ ಹೆಬ್ಬೆಟ್ಟು ಒತ್ತಿಯೇಬಿಟ್ಟಳು; ಹೊಸ ತಂತ್ರಾಂಶ ಬಲಗೈಗೆ ಇಳಿಯಿತು. “ಅದನ್ನ ನಾ ನೋಡ್ತೀನಿ, ಸರಿ ಆಕಡೆ.”

ಎಲೆಯಷ್ಟು ತೆಳ್ಳಗಿನ ರೊಟ್ಟಿ ಹೆಂಚಿಗೆ ಬಿತ್ತು. ಬಲಗೈ ಹೋಯಿತು, ಬೆಚ್ಚದೆ ನಿಂತಿತು, ಮಗುಚಿ ಹಾಕಿತು. ರೊಟ್ಟಿ ಬುಸ್ಸೆಂದು ಉಬ್ಬಿತು.